ಕುದುರೆ ಕಂಡರೆ ಕಾಲುನೋವು. ಕುದುರೆಗೇ ನೋವು ಬಂದರೆ?

ಚನ್ನಪಟ್ಟಣದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಜಟಕಾ ನಿಲ್ಲುತ್ತಿತ್ತು. ಅದರ ಯಜಮಾನರನ್ನು ಹುಡುಗರೆಲ್ಲ ಚಾಚಾ ಎನ್ನುತ್ತಿದ್ದೆವು. ಒಂದು ಸಂಜೆ ಅವರ ಕುದುರೆ ಹುರುಳಿ ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು. ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು. ಮಲಗಿತು, ಎದ್ದಿತು, ಮತ್ತೆ ಮಲಗಿ ಹೊರಳಾಡಿತು. ಚಾಚಾ ಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. "ಒಳಗೆ ಸದ್ದೇ ಇಲ್ಲ" ಅಂದರು.

ಅಷ್ಟರಲ್ಲಿ ಬೀದಿ ಸೇರಿತ್ತು. "ಹೊಟ್ಟೆ ಹಿಡ್ಕಂಡದೆ, ಹರಳೆಣ್ಣೆ ಹಾಕಿದ್ರೆ ಸರಿಹೋಯ್ತದೆ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಬಂತು. ಇಬ್ಬರು ಕುದುರೆಯ ತಲೆ ಎತ್ತಿ ಹಿಡಿದರು, ಒಬ್ಬರು ಸುರಿದರು. ಕುದುರೆ ಕೆಮ್ಮಿತು, ಮೂಗಿನ ಹೊಳ್ಳೆಯಿಂದ ಎಣ್ಣೆ ಇಳಿಯಿತು. ರಾತ್ರಿ ಯಾವಾಗಲೋ ಲದ್ದಿ ಹಾಕಿ ಎದ್ದು ನಿಂತಿತು. ಮದ್ದು ಹತ್ತಿತು ಎಂದು ಬೀದಿಯೆಲ್ಲ ನೆಮ್ಮದಿಯಾಗಿ ಮಲಗಿತು. ನಾಲ್ಕನೆಯ ದಿನ ಜ್ವರ ಬಂತು, ಉಸಿರಿನಲ್ಲಿ ಗೊರಗೊರ ಸದ್ದು. ಎಂಟನೆಯ ದಿನ ಕುದುರೆ ಸತ್ತಿತು.

ಎಷ್ಟೋ ವರ್ಷದ ಮೇಲೆ ಪಶುವೈದ್ಯ ಗೆಳೆಯನಿಗೆ ಈ ಕತೆ ಹೇಳಿದೆ. "ಅದು ಸತ್ತದ್ದು ಹೊಟ್ಟೆನೋವಿಗಲ್ಲ ಕಣಯ್ಯಾ, ಎಣ್ಣೆಗೆ" ಎಂದ. ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಸುರಿದವರೆಲ್ಲ ಕುದುರೆಯ ಹಿತ ಬಯಸಿದವರೇ. ಒಳಗೆ ಸದ್ದಿಲ್ಲ ಎಂಬುದನ್ನು ಕಿವಿಯಲ್ಲೇ ಕಂಡುಕೊಂಡ ಚಾಚಾ ಕೂಡ ಅಲ್ಲೇ ಇದ್ದರು. ಆದರೆ ಸದ್ದಿಲ್ಲದಿದ್ದರೆ ಮುಂದೇನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಿವಿ ಇದ್ದವರು, ಕಾರು ಇದ್ದವರು

ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಕುದುರೆ ಯಾರ ಹತ್ತಿರ ಇದೆ? ಜಟಕಾ ಕಾಲ ಹೆಚ್ಚುಕಡಿಮೆ ಮುಗಿಯಿತು. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಕುದುರೆ ಮತ್ತು ಟಟ್ಟುಗಳು ಸುಮಾರು 3.4 ಲಕ್ಷ. ಹಿಂದಿನ ಗಣತಿ ನಡೆದ 2012ಕ್ಕೆ ಹೋಲಿಸಿದರೆ ಶೇ 45ಕ್ಕಿಂತ ಹೆಚ್ಚು ಇಳಿಕೆ. ಉಳಿದ ಜಟಕಾ ಕುದುರೆಗಳಲ್ಲಿ ಕೆಲವು ಮದುವೆ ಮೆರವಣಿಗೆಗೆ ಹೋಗುತ್ತವೆ. ಇನ್ನೊಂದು ಕಡೆ, ಬೆಂಗಳೂರಿನಿಂದ ಮಾಗಡಿ ರಸ್ತೆ, ಕನಕಪುರ ರಸ್ತೆ ಹಿಡಿದು ಹೊರಟರೆ ತೋಟದ ಮನೆಗಳ ಬೇಲಿಯಾಚೆ ಹೊಳೆಯುವ ಮೈಯ ಕುದುರೆಗಳು ಕಾಣುತ್ತವೆ. ಸವಾರಿ ಕಲಿಸುವವರು ಸಾಕಿದ್ದು ಕೆಲವು, ರೇಸಿನಿಂದ ನಿವೃತ್ತಿಯಾಗಿ ಬಂದದ್ದು ಕೆಲವು. ಮಾಗಡಿಯ ಗಡಿ ದಾಟಿದರೆ ಕುಣಿಗಲ್. ಅಲ್ಲಿನ ಕುದುರೆ ಫಾರಂನ ಕತೆ ಹೈದರ್–ಟಿಪ್ಪು ಕಾಲದ ಸೈನ್ಯದ ಕುದುರೆಗಳಿಂದ ಶುರುವಾಗಿ ಇಂದಿನ ರೇಸ್ ಕುದುರೆಗಳವರೆಗೆ ಬರುತ್ತದೆ.

ಹಳೆಯ ಲಾಯದಲ್ಲಿ ಕಿವಿ ಇದೆ, ಕೈಯಲ್ಲಿ ತಲೆಮಾರಿನ ತಿಳಿವಳಿಕೆ ಇದೆ; ರಾತ್ರಿ ಹನ್ನೊಂದಕ್ಕೆ ವೈದ್ಯರನ್ನು ಕರೆಸಲು ಕಾಸಿಲ್ಲ. ಹೊಸ ಲಾಯದಲ್ಲಿ ಕಾರಿದೆ, ಫೋನಿದೆ, ಕಾಸಿದೆ. ಕುದುರೆಯ ಪಕ್ಕೆಗೆ ಕಿವಿಯಿಟ್ಟ ಅಭ್ಯಾಸವಿಲ್ಲ. ಎರಡೂ ಲಾಯದಲ್ಲಿ ಕುದುರೆ ಸಾಯುವುದು ಒಂದೇ ಕಾರಣಕ್ಕೆ: ಆಪತ್ತು ಬಂದ ರಾತ್ರಿಯೇ ಕಲಿಯಲು ಹೊರಡುತ್ತೇವೆ. ಬಾಯಾರಿದಾಗ ಬಾವಿ ತೋಡಿದ ಹಾಗೆ.

ಕನ್ನಡಕ್ಕೆ ಈ ವಿದ್ಯೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 'ಗೋವೈದ್ಯ' ಬರೆದ. ಮುಂದೆ ಅಭಿನವಚಂದ್ರ ಕುದುರೆಗಳಿಗೆಂದೇ 'ಅಶ್ವವೈದ್ಯ' ಬರೆದ. ಹದಿಮೂರನೆಯ ಶತಮಾನದ ಕೊನೆಗೆ ದಕ್ಷಿಣದ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಇಲ್ಲಿನ ಅರಸರು ಹಡಗುಗಟ್ಟಲೆ ಕುದುರೆ ತರಿಸುತ್ತಾರೆ, ಆರೈಕೆ ಗೊತ್ತಿಲ್ಲದೆ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತವೆ ಎಂದು ಬರೆದಿಟ್ಟ. ಕುದುರೆ ನಮ್ಮ ಹವೆಗೆ ಹೊರಗಿನಿಂದ ಬಂದ ಪ್ರಾಣಿ. ಅದನ್ನು ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಎಂಬ ಮಾತು ಆಗಲೂ ನಿಜ, ಈಗಲೂ ನಿಜ.

ವಾಂತಿ ಮಾಡಲಾರದ ಪ್ರಾಣಿ

ಕುದುರೆಯ ಆಪತ್ತುಗಳಲ್ಲಿ ಮೊದಲ ಸ್ಥಾನ ಹೊಟ್ಟೆಶೂಲೆಗೆ. ಕಾರಣ ಅದರ ಒಡಲಲ್ಲೇ ಇದೆ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ ಹತ್ತು–ಹದಿನೈದು ಲೀಟರಿನಷ್ಟು ಚಿಕ್ಕದು. ತಿಂದದ್ದು ಸೇರದಿದ್ದರೆ ನಾಯಿಯಂತೆ ಕಕ್ಕಲೂ ಬಾರದು, ಹಸುವಿನಂತೆ ಮೆಲುಕು ಹಾಕಲೂ ಬಾರದು. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ದೊಡ್ಡ ಕರುಳು ಒಂದೆರಡು ಕಡೆ ಹಠಾತ್ತನೆ ಕಿರಿದಾಗಿ ತಿರುಗುತ್ತದೆ. ಅಲ್ಲಿ ಒಣಮೇವು ಕಟ್ಟಿಕೊಂಡರೆ, ಗಾಳಿ ತುಂಬಿದರೆ, ಕರುಳು ತಿರುಚಿಕೊಂಡರೆ ನೋವು ಶುರು.

ಹುರುಳಿ ನಮ್ಮ ಸೀಮೆಯ ಕುದುರೆಯ ಮೇವು. ಅದನ್ನು ನೆನೆಸಿ, ಬೇಯಿಸಿ, ಆರಿಸಿ ಕೊಡುವ ರೂಢಿ ಸುಮ್ಮನೆ ಬಂದದ್ದಲ್ಲ. ಒಣಹುರುಳಿ ಗಬಗಬನೆ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಒಳಗೆ ಹೋದ ಮೇಲೆ ಉಬ್ಬುತ್ತದೆ. ಮೇವು ಬದಲಿಸುವುದಾದರೆ ಎಂಟು–ಹತ್ತು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಬೇಕು. ಹಗ್ಗ ಬಿಚ್ಚಿಕೊಂಡ ಕುದುರೆ ರಾತ್ರಿ ಜೋಳದ ಮೂಟೆಗೆ ಬಾಯಿ ಹಾಕಿತ್ತು, ಬೆಳಿಗ್ಗೆ ನೋಡಿದರೆ ಚೆನ್ನಾಗೇ ಇದೆ ಎನ್ನಿ. ಆಗಲೂ ವೈದ್ಯರಿಗೆ ಫೋನು ಮಾಡಿ. ಹೊಟ್ಟೆಯಷ್ಟೇ ಅಲ್ಲ, ಗೊರಸಿನ ಒಳಪದರವೂ ಉರಿಗೊಂಡು ಕುದುರೆ ಕಾಯಂ ಕುಂಟಾಗಬಹುದು. ಲಕ್ಷಣ ಕಾಣುವವರೆಗೆ ಕಾದರೆ ತಡವಾಗಿರುತ್ತದೆ.

ಶೂಲೆ ಬಂದಾಗ ಮಾಡುವ ಕೆಲಸ ಕಡಿಮೆ, ಮಾಡಬಾರದ್ದೇ ಹೆಚ್ಚು. ಗೋದಲಿಯಿಂದ ಮೇವು ತೆಗೆಯಿರಿ. ವೈದ್ಯರಿಗೆ ಫೋನು ಮಾಡಿ. ಕುದುರೆ ಹೊರಳಾಡಿ ಮೈಗೆ ಪೆಟ್ಟು ಮಾಡಿಕೊಳ್ಳುವಂತಿದ್ದರೆ ಮೆತ್ತನೆಯ ಬಯಲಿನಲ್ಲಿ ನಿಧಾನವಾಗಿ ಸ್ವಲ್ಪ ಹೊತ್ತು ನಡೆಸಿ. ಸುಮ್ಮನೆ ಮಲಗಿದ್ದರೆ ಬಿಡಿ, ರಾತ್ರಿಯಿಡೀ ನಡೆಸಿ ದಣಿಸಬೇಡಿ. ಬಾಯಿಂದ ಎಣ್ಣೆ, ಸೋಡ, ಕಷಾಯ ಯಾವುದೂ ಬೇಡ. ಎಣ್ಣೆ ಬೇಕೆನಿಸಿದರೆ ವೈದ್ಯರು ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ ಹಾಕುತ್ತಾರೆ. ಅದಕ್ಕೂ ಗೊಟ್ಟಕ್ಕೂ ಇರುವ ಅಂತರ ಬದುಕಿಗೂ ಸಾವಿಗೂ ಇರುವಷ್ಟೇ. ಮೆಡಿಕಲ್ ಸ್ಟೋರಿನಿಂದ ನೋವಿನ ಇಂಜೆಕ್ಷನ್ ತಂದು ಚುಚ್ಚುವುದೂ ಬೇಡ. ನೋವು ಅಡಗಿದರೆ ರೋಗ ಅಡಗಿತೆಂದಲ್ಲ. ಶಸ್ತ್ರಚಿಕಿತ್ಸೆ ಬೇಕಾದ ಕುದುರೆ ಯಾವುದು ಎಂದು ಗುರುತಿಸುವ ಹಾದಿಯೇ ಮುಚ್ಚಿಹೋಗಬಹುದು.

ಫೋನಿನಲ್ಲಿ ವೈದ್ಯರು ಮೊದಲು ಕೇಳುವುದು ಲೆಕ್ಕ. ಆರಾಮವಾಗಿ ನಿಂತ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಟ್ಟರೆ ಪೆನ್ಸಿಲ್ ದಪ್ಪದ ರಕ್ತನಾಳ ಸಿಗುತ್ತದೆ, ಎಣಿಸುವುದು ಅಲ್ಲಿ. ಉಸಿರು 8ರಿಂದ 16. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ತುಟಿ ಎತ್ತಿ ವಸಡಿನ ಮೇಲೆ ಬೆರಳೊತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಶೂಲೆಯ ಕುದುರೆಯ ನಾಡಿ 60 ದಾಟಿತೆಂದರೆ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಮೊಳೆ, ಹುಚ್ಚುನಾಯಿ, ಕೊಳಕುಮಂಡಲ

ಗೊರಸಿಗೆ ಮೊಳೆ ಹೊಕ್ಕರೆ ಕೈ ತಾನಾಗಿ ಇಕ್ಕಳದ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಮೊಳೆ ಎಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಆಳ ಹೋಗಿದೆ ಎಂಬುದು ವೈದ್ಯರಿಗೆ ಬೇಕಾದ ಸುದ್ದಿ. ಕಿತ್ತ ಮೇಲೆ ರಂಧ್ರ ಮುಚ್ಚಿಕೊಂಡು ದಾರಿಯೇ ತಪ್ಪುತ್ತದೆ. ಕುದುರೆ ನಡೆಯದಂತೆ ನಿಲ್ಲಿಸಿ, ಮೊಳೆ ಇನ್ನೂ ಒಳಗೆ ಒತ್ತದಂತೆ ಅದರ ಸುತ್ತ ದಪ್ಪ ಬಟ್ಟೆ ಕಟ್ಟಿ ಕಾಯುವುದು ಲೇಸು. ಕೀಳಲೇಬೇಕಾಗಿ ಬಂದರೆ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಜಾಗಕ್ಕೆ ಗುರುತು ಹಾಕಿ. ಮನೆಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ಸೋಲುವುದು ಇನ್ನೊಂದಿಲ್ಲ. ಅದರ ಲಸಿಕೆ ಅಗ್ಗದ ಮಾತು, ಚಿಕಿತ್ಸೆಯೋ ದುಬಾರಿ ಜೂಜು.

ಗಾಯದಿಂದ ರಕ್ತ ಹರಿಯುತ್ತಿದ್ದರೆ ಅರಿಸಿನ, ಕಾಫಿಪುಡಿ ತುಂಬಬೇಡಿ. ಚೊಕ್ಕ ಬಟ್ಟೆಯ ಗಟ್ಟಿ ಮಡಿಕೆ ಇಟ್ಟು ಹತ್ತು–ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡುವ ಚಪಲ ಬೇಡ.

ಕುದುರೆ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಅದು ಹುಚ್ಚುನಾಯಿ ಕಡಿತದ ರೇಬೀಸ್ ಕೂಡ ಆಗಿರಬಹುದು. ಲಾಯದ ಸುತ್ತ ಬೀದಿನಾಯಿ ಸುಳಿದಾಡುವ ನಮ್ಮ ಊರುಗಳಲ್ಲಿ ಈ ಅನುಮಾನ ಮೊದಲು ಬರಬೇಕು. ಕುದುರೆಗೂ ರೇಬೀಸ್ ಲಸಿಕೆ ಇದೆ.

ಇನ್ನು ಹಾವು. ಮೇಯುವಾಗ ಕುದುರೆಯ ಮುಸುಡಿಯೇ ಹುಲ್ಲಿನಲ್ಲಿ ಮುಂದಿರುವುದರಿಂದ ಕೊಳಕುಮಂಡಲ ಕಚ್ಚುವುದೂ ಅಲ್ಲೇ. ಮನುಷ್ಯನಿಗೆ ಮೂಗು ಕಟ್ಟಿದರೆ ಬಾಯಿ ಇದೆ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ಮುಸುಡಿ ಊದಿ ಹೊಳ್ಳೆ ಮುಚ್ಚಿಕೊಂಡರೆ ವಿಷ ಏರುವ ಮುನ್ನವೇ ಉಸಿರು ಕಟ್ಟುತ್ತದೆ. ಕೂಡಲೇ ಮುಖಕ್ಕೆ ಬಿಗಿದ ಲಗಾಮು, ಪಟ್ಟಿ ಬಿಚ್ಚಿ. ಓಡಿಸಬೇಡಿ, ಕೊಯ್ಯಬೇಡಿ, ವೈದ್ಯರಿಗೆ "ಮೂಗು ಊದುತ್ತಿದೆ" ಎಂದೇ ಹೇಳಿ. ಹೊಳ್ಳೆಯೊಳಗೆ ನಳಿಕೆ ಇಟ್ಟು ದಾರಿ ತೆರೆದಿಡುವ ಸಿದ್ಧತೆಯಲ್ಲಿ ಬರುತ್ತಾರೆ. ಹೊಲದಲ್ಲಿ ಹಾವು ಕಚ್ಚಿದ ರೈತನಿಗೆ ಆಸ್ಪತ್ರೆಯಲ್ಲಿ ಏರಿಸುವ ಪ್ರತಿವಿಷ ತಯಾರಾಗುವುದೂ ಕುದುರೆಯಿಂದಲೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದ ವಿಷವನ್ನು ಸ್ವಲ್ಪಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಕುದುರೆಯ ಹಂಗಿನಲ್ಲಿ ನಾವೂ ಇದ್ದೇವೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಚ್ಚುವ ದೊಡ್ಡ ನೊಣಗಳಿಂದ ಬರುವುದು ಸರ್ರಾ. ಜ್ವರ ಬಂದು ಹೋಗಿ ಮಾಡುತ್ತದೆ, ಕುದುರೆ ದಿನೇದಿನೇ ಸೊರಗುತ್ತದೆ, ಹೊಟ್ಟೆಯಡಿ ಬಾವು ಇಳಿಯುತ್ತದೆ, ಹಿಂಗಾಲು ತೂರಾಡುತ್ತದೆ. ಮೇವು ಸಾಲದೆಂದು ಹುರುಳಿ ಹೆಚ್ಚಿಸುತ್ತ ಕೂರುವ ಬದಲು ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಔಷಧವೂ ಇದೆ.

ನೀರು ಬಂದರೆ ಹಗ್ಗ ಬಿಚ್ಚಿ

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಸುತ್ತ ಸುರಿದ ಮಳೆಗೆ ಕೆರೆಗಳು ಉಕ್ಕಿದವು. ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ವಾಹನಗಳು ಮುಳುಗಿ ನಿಂತವು. ಮನುಷ್ಯ ಮಹಡಿ ಹತ್ತಿದ. ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಪ್ರಾಣಿ ಎಲ್ಲಿ ಹತ್ತಬೇಕು?

ಕುದುರೆ ಚೆನ್ನಾಗಿ ಈಜಬಲ್ಲದು. ಕಟ್ಟಿಹಾಕಿದ ಕುದುರೆ ಈಜಲಾರದು. ನೀರು ಏರುವ ಸೂಚನೆ ಕಂಡೊಡನೆ ದಿಬ್ಬಕ್ಕೆ ಸಾಗಿಸಿ. ಬಂಡೆಬೆಟ್ಟಗಳ ನಮ್ಮ ಸೀಮೆಯಲ್ಲಿ ಎತ್ತರದ ಜಾಗಕ್ಕೆ ಬರವಿಲ್ಲ, ಯಾವ ದಾರಿಯಲ್ಲಿ ಹೋಗಬೇಕೆಂದು ಬೇಸಿಗೆಯಲ್ಲೇ ಒಮ್ಮೆ ನಡೆದು ನೋಡಿರಬೇಕು ಅಷ್ಟೇ. ಸಾಗಿಸಲು ಆಗದಿದ್ದರೆ ಬಾಗಿಲು ತೆರೆದು ಬಿಚ್ಚಿಬಿಡಿ. ಕೊರಳಲ್ಲಿ ಎಲ್ಲಾದರೂ ಸಿಕ್ಕಿಕೊಳ್ಳುವ ನೈಲಾನ್ ಹಗ್ಗ ಉಳಿಯದಿರಲಿ. ಗೊರಸಿನ ಮೇಲೆ ಬಣ್ಣದಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆದಿಡಿ. ಕುದುರೆಯ ಜೊತೆ ನೀವು ನಿಂತ ಒಂದು ಫೋಟೊ, ಹಣೆಯ ಬಿಳಿಚುಕ್ಕೆ, ಸುಳಿ, ಕಾಲಿನ ಪಟ್ಟೆ ಕಾಣುವಂತೆ, ಫೋನಿನಲ್ಲಿರಲಿ. ಕೊಳ್ಳುವಾಗ ಶುಭಾಶುಭಕ್ಕೆಂದು ಸುಳಿ ಎಣಿಸುತ್ತೇವಲ್ಲ, ಅದೇ ಸುಳಿ ಆಗ ಗುರುತಿನ ಚೀಟಿ.

ಬೆಂಕಿಯ ರೀತಿ ಬೇರೆ. ಉರಿಯುವ ಲಾಯದಿಂದ ಹೊರಗೆ ತಂದ ಕುದುರೆ ಕೈ ತಪ್ಪಿಸಿಕೊಂಡು ಮತ್ತೆ ಒಳಗೇ ಓಡಬಲ್ಲದು. ಹೆದರಿದ ಅದಕ್ಕೆ ಗೊತ್ತಿರುವ ಒಂದೇ ಅಭಯದ ತಾಣ ಅದು. ಕಣ್ಣಿಗೆ ಬಟ್ಟೆ ಕಟ್ಟಿ ಹೊರತಂದು, ಹಿಂದೆ ಬಾಗಿಲು ಹಾಕಿಕೊಳ್ಳಬೇಕು. ಒಣಹುಲ್ಲಿನ ಬಣವೆ ಲಾಯಕ್ಕೆ ಒರಗಿರಬಾರದು. ಮುಖಪಟ್ಟಿ, ಹಗ್ಗ ಪ್ರತಿ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತಿರಬೇಕು. ಕಟ್ಟುವ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದಾಗಿರಬೇಕು. ಜಟಕಾದವರ ಬೆರಳು ಈ ಗಂಟನ್ನು ಕತ್ತಲಲ್ಲೂ ಹಾಕುತ್ತದೆ. ತೋಟದ ಮನೆಯ ಕಾವಲುಗಾರನಿಗೆ ಅದು ಬರುತ್ತದೆಯೇ?

ರಸ್ತೆಯೂ ಒಂದು ಆಪತ್ತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಮೋಟಾರಿಲ್ಲದ ಬಂಡಿಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗುವ ಗಾಡಿಗೆ ಹಿಂದೆ ಕೆಂಪು, ಮುಂದೆ ಬಿಳಿ ಮಿಂಚುಪಟ್ಟಿ ಅಂಟಿಸಲು ಹೆಚ್ಚು ಖರ್ಚಿಲ್ಲ. ಗಾಡಿಯ ಅಪಾಯ ಸಿನಿಮಾದವರನ್ನೂ ಬಿಟ್ಟಿಲ್ಲ. ರಾಮನಗರದ ಬಂಡೆಗಳ ನಡುವೆ 'ಶೋಲೆ' ಚಿತ್ರಕ್ಕಾಗಿ ಟಾಂಗಾ ಓಡಿಸುವ ಸಾಹಸ ದೃಶ್ಯ ತೆಗೆಯುವಾಗ ಗಾಡಿ ಮಗುಚಿ, ಹೇಮಾಮಾಲಿನಿಯ ಬದಲಿಗೆ ಕೂತಿದ್ದ ಸಾಹಸ ಕಲಾವಿದೆ ರೇಷ್ಮಾ ಪಠಾಣ್ ಗಾಯಗೊಂಡಿದ್ದರು. 1975ರಲ್ಲಿ ತೆರೆ ಕಂಡ ಸಿನಿಮಾದಲ್ಲಿ ನಾವು ಟಾಂಗಾದ ಕುದುರೆ ಧನ್ನೋ ಗೆದ್ದದ್ದನ್ನಷ್ಟೇ ನೋಡಿದೆವು.

ಮದುವೆ ಮೆರವಣಿಗೆಯಲ್ಲಿ ಪಟಾಕಿ, ಬ್ಯಾಂಡ್‌ಸೆಟ್, ಲೈಟು ಎಲ್ಲ ಒಟ್ಟಿಗೇ ಮುತ್ತುತ್ತವೆ. ಕುದುರೆಗೆ ಸುತ್ತಲೂ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಮೂಗಿನ ತುದಿಯ ಮುಂದೆ ಮಾತ್ರ ಕಾಣದು. ಕುಣಿಯುವ ಹುಡುಗರು ಬಂದು ನಿಲ್ಲುವುದು ಸರಿಯಾಗಿ ಅಲ್ಲೇ. ಪೇಟದ ಬದಲು ಹೆಲ್ಮೆಟ್ ಹಾಕಿ ಎಂದರೆ ಮದುಮಗ ಒಪ್ಪಲಾರ. ಲಗಾಮು ಹಿಡಿದ ಒಬ್ಬ ಕುದುರೆಯ ತಲೆಯ ಬಳಿಯೇ ಇರಲಿ, ಹಿಂದೆ ಮೂರು ಮಾರು ಜಾಗ ಖಾಲಿ ಇರಲಿ ಎಂಬುದಕ್ಕಾದರೂ ಒಪ್ಪಬೇಕು.

ಮುಚ್ಚಿಟ್ಟರೆ ಊರಿಗೇ ರೋಗ

2024ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಗ್ಲಾಂಡರ್ಸ್ ಪತ್ತೆಯಾಯಿತು. ಸುತ್ತಲಿನ ಐದು ಕಿಲೋಮೀಟರನ್ನು ಸೋಂಕು ವಲಯವೆಂದು ಘೋಷಿಸಿ ಕುದುರೆ–ಕತ್ತೆಗಳ ಓಡಾಟ ತಡೆದರು. ಮೂಗಿನಿಂದ ಅಂಟಂಟು ಕೀವು, ಕಾಲಿನ ಒಳಬದಿಯಲ್ಲಿ ಸಾಲಾಗಿ ಗಂಟು, ಅವು ಒಡೆದು ವಾಸಿಯಾಗದ ಹುಣ್ಣು: ಇದು ಅದರ ಚಹರೆ. ಮನುಷ್ಯನಿಗೂ ಹರಡುವ ಈ ರೋಗಕ್ಕೆ ಲಸಿಕೆ ಇಲ್ಲ, ರೋಗ ಖಚಿತವಾದ ಕುದುರೆಯನ್ನು ಉಳಿಸುವಂತಿಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಅನುಮಾನ ಬಂದೊಡನೆ ತಿಳಿಸುವುದು ಮಾಲೀಕರ ಹೊಣೆ. ಹೊಟ್ಟೆಪಾಡು ಹೋಗುತ್ತದೆಂದು ರಾತ್ರೋರಾತ್ರಿ ಇನ್ನೊಂದು ಊರಿಗೆ ಮಾರಿದರೆ ಆ ಊರಿನ ಲಾಯವೂ, ಅಲ್ಲಿನ ಮಕ್ಕಳೂ ರೋಗದ ಬಾಯಿಗೆ. ಹೊಸ ಕುದುರೆ ಕೊಂಡರೆ ಎರಡು–ಮೂರು ವಾರ ಬೇರೆ ಲಾಯ, ಬೇರೆ ಬಕೆಟ್, ಮೈಯುಜ್ಜಲು ಬೇರೆ ಖರಾರ ಇರಲಿ.

ಎಲ್ಲ ಮಾಡಿಯೂ ಕುದುರೆ ಸಾಯಬಹುದು. ಆಗಲೂ ನಮ್ಮ ಸೀಮೆಯವರಿಗೆ ಒಂದು ಕೆಲಸ ಬಾಕಿ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ದನಕರುಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿಸುತ್ತ ಬಂತು. ಪಶುಗಳಿಗೆ ಅದರ ಬಳಕೆ 2006ರಲ್ಲಿ ನಿಷೇಧವಾಯಿತು, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳೂ ಆ ಪಟ್ಟಿಗೆ ಸೇರಿದವು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಸಾಲುತ್ತದೆಯೇ ಎಂದು ವೈದ್ಯರನ್ನು ಕೇಳಿ. ನೋವಿನ ಔಷಧ ಕೊಟ್ಟ ಮೇಲೆ ಸತ್ತ ಪ್ರಾಣಿಯನ್ನು ಬಯಲಿಗೆಸೆಯದೆ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

ಲಾಯದ ಗೋಡೆಗೆ

• ನಿಮ್ಮ ಕುದುರೆಯ ನಾಡಿ, ಉಸಿರು, ಮೈಬಿಸಿಯ ಲೆಕ್ಕ: ಆರೋಗ್ಯವಾಗಿದ್ದ ಮೂರು ದಿನ ಎಣಿಸಿ ಬರೆದದ್ದು.

• ಕುದುರೆ ನೋಡಬಲ್ಲ ಇಬ್ಬರು ವೈದ್ಯರ ನಂಬರ್. ಹಳ್ಳಿಯ ಆಸ್ಪತ್ರೆಗೆ ಹೆಚ್ಚಾಗಿ ಬರುವುದು ಹಸು, ಕುರಿ. ಕುದುರೆ ನೋಡುತ್ತಾರೆಯೇ ಎಂದು ಮೊದಲೇ ಕೇಳಿಡಿ.

• ಸಂಚಾರಿ ಪಶು ಚಿಕಿತ್ಸೆಯ 1962. ಆ ವಾಹನ ನಿಮ್ಮ ಊರಿಗೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿ.

• ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಾರಿ, ಅಲ್ಲಿಗೆ ಕುದುರೆ ಸಾಗಿಸಲು ಒಪ್ಪಿದ ಲಾರಿಯವರ ನಂಬರ್.

• ಪೆಟ್ಟಿಗೆಯಲ್ಲಿ: ಥರ್ಮಾಮೀಟರ್, ಹತ್ತಿಸುರುಳಿ, ಅಗಲದ ಬ್ಯಾಂಡೇಜ್, ಉಪ್ಪುನೀರಿನ ಬಾಟಲಿ, ಕತ್ತರಿ, ಟಾರ್ಚ್, ಕಣ್ಣಿಗೆ ಕಟ್ಟುವ ಬಟ್ಟೆ, ಹೆಚ್ಚುವರಿ ಮುಖಪಟ್ಟಿ ಮತ್ತು ಹಗ್ಗ.

• ಧನುರ್ವಾಯು, ರೇಬೀಸ್ ಲಸಿಕೆ ಹಾಕಿಸಿದ ತಾರೀಕು. ಲಾಳ ಬದಲಿಸಿದ ತಾರೀಕು; ಲಾಳ ಬದಲಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ.

ಚೆನ್ನಾಗಿರುವ ದಿನದ ಪಾಠ

ಈ ಪಟ್ಟಿಯಲ್ಲಿ ಬರೆಯಲಾಗದ ಒಂದಿದೆ: ಕುದುರೆಯ ತರಬೇತಿ. ಓಟವೊಂದನ್ನೇ ನಂಬಿ ಬದುಕುಳಿದ ಪ್ರಾಣಿ ಅದು. ಗಾಬರಿಯಾದರೆ ಮೊದಲು ಓಡುತ್ತದೆ, ಆಮೇಲೆ ಯೋಚಿಸುತ್ತದೆ. ಲಾರಿಯ ಹಲಗೆ ಹತ್ತಿ ಅಭ್ಯಾಸವಿಲ್ಲದ ಕುದುರೆ ಶೂಲೆಯ ರಾತ್ರಿ ಹತ್ತುವುದಿಲ್ಲ. ಕಾಲೆತ್ತಿ ಹಿಡಿಸಿಕೊಳ್ಳದ ಕುದುರೆ ಮೊಳೆ ಹೊಕ್ಕ ದಿನ ಹಿಡಿಸಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಸುಮ್ಮನೆ ಲಾರಿ ಹತ್ತಿಸಿ ಇಳಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ, ಬೆಲ್ಲದ ಚೂರು ಕೊಡಿ. ಊರು ಸೂರೆ ಹೋದ ಮೇಲೆ ಹಾಕುವ ಕೋಟೆಬಾಗಿಲಿಗಿಂತ ಈ ಬೆಲ್ಲದ ಚೂರು ಅಗ್ಗ.

ಆ ವೈದ್ಯ ಗೆಳೆಯ ಒಮ್ಮೆ ಮಾಗಡಿ ರಸ್ತೆಯ ತೋಟವೊಂದಕ್ಕೆ ಕರೆದೊಯ್ದಿದ್ದ. ಆರೋಗ್ಯವಾಗಿದ್ದ ಕುದುರೆಯ ಪಕ್ಕೆಗೆ ನನ್ನ ಕಿವಿ ಒತ್ತಿಸಿದ. ಮೊದಲು ಬರೀ ಬಿಸಿ, ಬೆವರಿನ ವಾಸನೆ. ಆಮೇಲೆ ಸಾವನದುರ್ಗದ ಬೆಟ್ಟದಾಚೆ ಎಲ್ಲೋ ಗುಡುಗಿದಂತೆ ಒಂದು ಉರುಳು, ಅದರ ಬೆನ್ನಿಗೆ ಕೊಡದಿಂದ ನೀರು ಬಗ್ಗಿಸಿದಂಥ ಸದ್ದು. "ಇದು ಸರಿಯಾದದ್ದು. ಇದನ್ನು ಕೇಳಿದವನಿಗೆ ಮಾತ್ರ ಇದು ಇಲ್ಲದಿರುವುದು ಗೊತ್ತಾಗುತ್ತೆ" ಎಂದ.

ಚಾಚಾಗೆ ಗೊತ್ತಿದ್ದದ್ದು ಅದೇ. ಅವರ ಕಿವಿಯ ಹಿಂದೆ ಒಂದು ಫೋನ್ ನಂಬರ್ ಇರಲಿಲ್ಲ ಅಷ್ಟೇ. ಇವತ್ತು ನಂಬರ್ ಎಲ್ಲರ ಜೇಬಿನಲ್ಲೂ ಇದೆ. ಸಂಜೆ ಹುರುಳಿ ಇಟ್ಟ ಮೇಲೆ, ಕುದುರೆ ಚೆನ್ನಾಗಿರುವಾಗಲೇ, ಒಂದು ನಿಮಿಷ ಅದರ ಪಕ್ಕೆಗೆ ಕಿವಿ ಇಡಿ.